ಕಾದ ಅಲ್ಯುಮಿನಿಯಂ ಕಬ್ಬಿಣವನ್ನು ತಿನ್ನುವ ಬಗೆ

ಬೆಣ್ಣೆ ಕರಗಿತೆನ್ನುತ್ತೇವೆ, ಉಪ್ಪು ಕರಗಿತೆಂದೂ ಅನ್ನುತ್ತೇವೆ. ಮಾತು ಒಂದೇ ಆದರೂ ನಡೆಯುವ ಸಂಗತಿ ಎರಡು. ಬೆಣ್ಣೆ ಕರಗುವುದು ಕೇವಲ ಕಾವಿನಿಂದ. ಅದಕ್ಕೆ ಮತ್ತೊಂದು ವಸ್ತುವಿನ ನೆರವು ಬೇಕಿಲ್ಲ. ಉಪ್ಪು ಹಾಗೆ ಬರಿಯ ಕಾವಿನಿಂದಲೇ ಕರಗಬೇಕಾದರೆ ೮೦೧ ಡಿಗ್ರಿ ಸೆಂಟಿಗ್ರೇಡಿನ ಬೆಂಕಿ ಬೇಕು. ಹಾಗಿದ್ದೂ ಬಾವಿಯ ತಣ್ಣೀರಿಗೆ ಒಂದು ಹಿಡಿ ಉಪ್ಪನ್ನು ಹಾಕಿ ಕದಡಿದರೆ ಕ್ಷಣಮಾತ್ರದಲ್ಲಿ ಅದು ಕಾಣದಾಗುತ್ತದೆ. ಅಲ್ಲಿ ಕೆಲಸ ಮಾಡಿದ್ದು ಬೆಂಕಿಯಲ್ಲ, ನೀರು. ನಮ್ಮ ಕನ್ನಡದಲ್ಲಿ ಈ ಎರಡಕ್ಕೂ ಒಂದೇ ಕ್ರಿಯಾಪದವಿರುವುದು ಅಡಿಗೆಮನೆಯಲ್ಲಿ ಯಾವ ತೊಂದರೆಯನ್ನೂ ಉಂಟುಮಾಡದು. ಆದರೆ ಲೋಹದ ಎರಕಕ್ಕೆ ಕೈಹಾಕುವವರು ಈ ಭೇದವನ್ನು ಮರೆತರೆ ಕಾಲು ಸುಟ್ಟುಕೊಳ್ಳಬೇಕಾದೀತು.

ಹೇಗೆಂದು ನೋಡೋಣ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ ನಿಮ್ಮದೊಂದು ಮನೆಯೆಂದು ಇಟ್ಟುಕೊಳ್ಳಿ. ಅಟ್ಟದ ಮೇಲೆ ತೂತುಬಿದ್ದ ಅಲ್ಯುಮಿನಿಯಂ ಪಾತ್ರೆಗಳು, ಹಿಡಿ ಕಳಚಿದ ತಪ್ಪಲೆ, ಹಳೆಯ ಎಂಜಿನ್ನಿನ ಒಂದೆರಡು ಪಿಸ್ಟನ್ನುಗಳು ಬಿದ್ದಿವೆ. ಮನೆಯಲ್ಲಿ ಐ.ಟಿ.ಐ. ಓದಿ ಬಂದ ಚುರುಕು ಹುಡುಗನೊಬ್ಬನಿದ್ದಾನೆ. ಇವನ್ನೆಲ್ಲ ಕರಗಿಸಿ ಪಂಪಿನ ಮುರಿದ ಭಾಗವೊಂದನ್ನು ತಾನೇ ಎರಕ ಹೊಯ್ಯಬೇಕೆಂದು ಅವನ ಆಸೆ. ಮೂಸೆಯನ್ನು ಎಲ್ಲಿಂದ ತರುವುದು? ಹಿತ್ತಲಲ್ಲಿ ಹಳೆಯ ಕಬ್ಬಿಣದ ಬಾಣಲೆಯೊಂದಿದೆ. ಅಲ್ಯುಮಿನಿಯಂ ಕರಗುವುದು ೬೬೦ ಡಿಗ್ರಿಗೆ, ಕಬ್ಬಿಣ ಕರಗುವುದು ೧೫೩೮ ಡಿಗ್ರಿಗೆ. ನಡುವೆ ಎಂಟುನೂರಕ್ಕೂ ಹೆಚ್ಚು ಡಿಗ್ರಿಗಳ ಅಂತರವಿರುವಾಗ ಬಾಣಲೆಗೆ ಏನಾದೀತು ಎಂದು ಅವನು ಲೆಕ್ಕ ಹಾಕುತ್ತಾನೆ. ಅಂಕಿಗಳು ಸರಿಯಾಗಿವೆ, ತೀರ್ಮಾನ ಮಾತ್ರ ತಪ್ಪು. ಬೆಣ್ಣೆಯ ಲೆಕ್ಕವನ್ನು ಉಪ್ಪಿಗೆ ಹಾಕಿದಂತಾಯಿತು. ಕರಗಿದ ಅಲ್ಯುಮಿನಿಯಮ್ಮಿಗೆ ಕಬ್ಬಿಣವು ನೀರಿಗೆ ಉಪ್ಪಿದ್ದಂತೆ. ಅದನ್ನು ಕರಗಿಸಲು ೧೫೩೮ ಡಿಗ್ರಿ ಬೇಡವೇ ಬೇಡ. ಅಲ್ಯುಮಿನಿಯಂ ದ್ರವವಾಗಿದ್ದರೆ ಸಾಕು.

ಎಷ್ಟು ಕಬ್ಬಿಣವನ್ನು ಅದು ಹೀರಬಲ್ಲದು? ೭೦೦ ಡಿಗ್ರಿಯಲ್ಲಿ ಸುಮಾರಾಗಿ ನೂರಕ್ಕೆ ಎರಡೂವರೆ ಪಾಲು. ಹತ್ತು ಕಿಲೋ ಅಲ್ಯುಮಿನಿಯಂ ಕರಗಿಸಿದಿರಾದರೆ, ಕಾಲು ಕಿಲೋ ಕಬ್ಬಿಣವನ್ನು ಅದು ಬಾಣಲೆಯಿಂದಲೇ ತೆಗೆದುಕೊಳ್ಳಲು ಸಿದ್ಧವಾಗಿ ನಿಂತಿದೆಯೆಂದು ಅರ್ಥ. ಕಾವನ್ನು ೮೦೦ ಡಿಗ್ರಿಗೆ ಏರಿಸಿದರೆ ಈ ಪ್ರಮಾಣ ಸುಮಾರು ಇಮ್ಮಡಿಯಾಗುತ್ತದೆ. ಅಷ್ಟನ್ನೂ ಒಂದೇ ಸಲಕ್ಕೆ ತೆಗೆದುಕೊಳ್ಳುವಷ್ಟು ಹೊತ್ತು ಸಾಮಾನ್ಯವಾಗಿ ಸಿಗುವುದಿಲ್ಲವೆಂಬುದು ನಿಜ. ಆದರೆ ಪ್ರತಿ ಸಲವೂ ಕರಗಿದ್ದನ್ನು ಹೊಯ್ದು ಮುಗಿಸಿ ಹೊಸ ಪಾತ್ರೆಗಳನ್ನು ಹಾಕುತ್ತೀರಷ್ಟೆ? ಹೊಸದಾಗಿ ಬಂದ ಅಲ್ಯುಮಿನಿಯಂ ಹೊಸ ಹಸಿವಿನೊಡನೆ ಬರುತ್ತದೆ.

ಈ ತಿನ್ನುವಿಕೆ ನೀರು ಉಪ್ಪನ್ನು ಕರಗಿಸುವಷ್ಟು ಸರಳವಲ್ಲ. ಇಲ್ಲಿ ರಸಾಯನವೂ ಸೇರಿಕೊಂಡಿದೆ. ಮೊದಲು ಅಲ್ಯುಮಿನಿಯಮ್ಮಿನ ಮೈಮೇಲೆ ಸದಾ ಇರುವ ಆಕ್ಸೈಡಿನ ತೆಳುಪೊರೆಯೂ, ಕಬ್ಬಿಣದ ಮೈಮೇಲಿನ ಪೊರೆಯೂ ಎರಡನ್ನೂ ಸ್ವಲ್ಪ ಹೊತ್ತು ದೂರ ಇರಿಸುತ್ತವೆ. ಆಗ ಅಲ್ಯುಮಿನಿಯಂ ಕೆಸುವಿನೆಲೆಯ ಮೇಲಿನ ನೀರಿನಂತೆ ಕಬ್ಬಿಣಕ್ಕೆ ಅಂಟದೆ ನಿಂತಿರುತ್ತದೆ. ಎಲ್ಲೋ ಒಂದು ಕಡೆ, ಸೌಟು ತಗುಲಿಯೋ ಕಿಟ್ಟ ತೆಗೆಯಲು ಹಾಕಿದ ಲವಣದಿಂದಲೋ, ಪೊರೆ ಹರಿಯುತ್ತದೆ. ಎರಡು ಲೋಹಗಳೂ ನೇರವಾಗಿ ಮುಟ್ಟುತ್ತವೆ. ಮುಟ್ಟಿದ ಕಡೆಯಲ್ಲಿ ಅವೆರಡೂ ಕೂಡಿ ಮೂರನೆಯದೊಂದು ಪದಾರ್ಥವಾಗುತ್ತದೆ. ಎರಡು ಕಬ್ಬಿಣದ ಪರಮಾಣುಗಳಿಗೆ ಐದು ಅಲ್ಯುಮಿನಿಯಮ್ಮಿನ ಪರಮಾಣುಗಳು ಸೇರಿದ ಸಂಯುಕ್ತವದು. ಅದರ ಹೊರಬದಿಯಲ್ಲಿ, ದ್ರವಕ್ಕೆ ತಾಗಿದಂತೆ, ಒಂದು ಕಬ್ಬಿಣಕ್ಕೆ ಸುಮಾರು ಮೂರು ಅಲ್ಯುಮಿನಿಯಂ ಇರುವ ಇನ್ನೊಂದು ಸಂಯುಕ್ತದ ತೆಳುಪದರ ಕಾಣಿಸಿಕೊಳ್ಳುತ್ತದೆ. ಇವು ಹೆಸರಿಗೆ ಲೋಹಗಳ ಕೂಟವಾದರೂ ಗುಣದಲ್ಲಿ ಹೆಂಚಿಗೆ ಹತ್ತಿರ. ಮೆದು ಉಕ್ಕಿಗಿಂತ ಹಲವು ಪಾಲು ಗಡಸು, ಆದರೆ ಪೆಟ್ಟು ತಾಳಲಾರವು.

ಈ ಒಳಪದರವು ಕಬ್ಬಿಣದೊಳಕ್ಕೆ ಸಮನಾಗಿ ಇಳಿಯುವುದಿಲ್ಲ. ಕತ್ತರಿಸಿ ಉಜ್ಜಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ನಾಲಗೆಗಳನ್ನು ಸಾಲಾಗಿ ಚಾಚಿದಂತೆ ಅದು ಕಬ್ಬಿಣದೊಳಕ್ಕೆ ಇಳಿದಿರುವುದು ಕಾಣುತ್ತದೆ. ಅದರ ಹರಳಿನ ರಚನೆಯಲ್ಲಿ ಒಂದು ದಿಕ್ಕಿಗೆ ಪರಮಾಣುಗಳ ಸ್ಥಾನಗಳು ಅನೇಕವು ಖಾಲಿಯಾಗಿರುತ್ತವೆ. ಆ ಖಾಲಿ ಸ್ಥಾನಗಳನ್ನು ಹಿಡಿದು ಅಲ್ಯುಮಿನಿಯಂ ಬೇಗಬೇಗ ಮುಂದೆ ಸಾಗುತ್ತದೆಂದು ವಿಜ್ಞಾನಿಗಳು ವಿವರಿಸುತ್ತಾರೆ. ಹೀಗೆ ಒಂದು ಕಡೆ ಪದರವು ಕಬ್ಬಿಣವನ್ನು ನುಂಗುತ್ತ ಒಳಕ್ಕೆ ಬೆಳೆಯುತ್ತದೆ. ಇನ್ನೊಂದು ಕಡೆ ಅದರ ಹೊರಮೈ ಕಾದ ದ್ರವದಲ್ಲಿ ಕರಗುತ್ತ ಹೋಗುತ್ತದೆ. ದ್ರವವನ್ನು ಕಲಕಿದರೆ ಕರಗುವುದು ಇನ್ನೂ ಬೇಗ. ಸಕ್ಕರೆ ಹಾಕಿದ ಕಾಫಿಯನ್ನು ಚಮಚದಿಂದ ಆಡಿಸಿದರೆ ಏನಾಗುತ್ತದೆಂದು ಬಲ್ಲ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕಬ್ಬಿಣದ ಮೈಗೆ ಹತ್ತಿದಂತಿರುವ ದ್ರವವು ಕಬ್ಬಿಣದಿಂದ ತುಂಬಿಹೋಗಿ ಹಸಿವು ತೀರಿ ನಿಂತಿರುತ್ತದೆ. ಕಲಕಿದಾಗ ಅದು ಸರಿದು ಹಸಿದ ದ್ರವ ಬಂದು ತಗುಲುತ್ತದೆ. ಕಲಕುವ ಕಬ್ಬಿಣದ ಸಲಾಕೆ ದಿನದಿನಕ್ಕೆ ಪೆನ್ಸಿಲಿನಂತೆ ಮೊನಚಾಗುತ್ತ ಬರುವುದು ಇದೇ ಕಾರಣದಿಂದ.

ಬಾಣಲೆಯ ಕಥೆಗೆ ಹಿಂದಿರುಗೋಣ. ಮೊದಲ ದಿನ ಏನೂ ಆಗಲಿಲ್ಲ; ಎರಡನೆಯ ದಿನವೂ ಇಲ್ಲ. ಹುಡುಗನಿಗೆ ಧೈರ್ಯ ಬಂತು. ಅಪಾಯ ಇರುವುದು ಇಲ್ಲಿಯೇ. ಬಾಣಲೆಯ ಒಳಮೈ ತಿನ್ನಲ್ಪಟ್ಟಿದ್ದರೂ ಹೊರಗಿನಿಂದ ಅದು ಕಾಣುವುದಿಲ್ಲ. ತಳವೋ, ದ್ರವದ ಮಟ್ಟ ನಿಲ್ಲುವ ಗೆರೆಯೋ ತೆಳ್ಳಗಾಗುತ್ತ ಬಂದು, ಒಂದು ದಿನ ಕೆಂಪಗೆ ಕಾದು ಮೆತ್ತಗಾಗಿರುವ ಸಮಯದಲ್ಲಿ, ಬಹುಶಃ ಇಕ್ಕಳದಿಂದ ಎತ್ತುವ ಹೊತ್ತಿಗೇ, ಬಾಯಿ ಬಿಡುತ್ತದೆ. ಬಾಣಲೆಯ ಬದಲು ತೆಳ್ಳನೆಯ ತಗಡಿನ ಡಬ್ಬವಾಗಿದ್ದರೆ ಕೆಲವೇ ಎರಕಗಳಲ್ಲಿ ತೂತು ಬೀಳುತ್ತದೆ. ಸೋರಿದ ಲೋಹ ಇದ್ದಿಲಿನ ಮೇಲೆ ಬಿದ್ದರೆ ಒಲೆ ಕೆಡುತ್ತದೆ, ಅಷ್ಟೆ. ಒದ್ದೆ ನೆಲದ ಮೇಲೆ ಬಿದ್ದರೆ? ನೀರು ಆವಿಯಾದಾಗ ಸುಮಾರು ಸಾವಿರದ ಆರುನೂರು ಪಾಲು ಹಿಗ್ಗುತ್ತದೆ. ಕಾದ ಲೋಹದ ಕೆಳಗೆ ಸಿಕ್ಕಿಕೊಂಡ ಒಂದು ಬೊಗಸೆ ನೀರು ಹೀಗೆ ಒಮ್ಮೆಲೇ ಹಿಗ್ಗಿದರೆ ಲೋಹವು ಮುಖಕ್ಕೆ ಎರಚುತ್ತದೆ. ಸಿಮೆಂಟಿನ ನೆಲವೂ ಭದ್ರವಲ್ಲ. ಒಣಗಿದಂತೆ ಕಂಡರೂ ಅದರೊಳಗೆ ತೇವವಿದ್ದು, ಸಿಡಿಯುತ್ತದೆ. ಒಣ ಮರಳಿನ ಹಾಸೇ ಸರಿಯಾದದ್ದು.

ತುಕ್ಕು ಹಿಡಿದ ಪಾತ್ರೆಯಾದರೆ ಇನ್ನೊಂದು ಭಯವುಂಟು. ತುಕ್ಕೆಂದರೆ ಕಬ್ಬಿಣ ಮತ್ತು ಆಮ್ಲಜನಕದ ಕೂಟ, ಸಾಮಾನ್ಯವಾಗಿ ನೀರಿನ ಅಂಶದೊಡನೆ. ಆಮ್ಲಜನಕದ ಮೇಲೆ ಅಲ್ಯುಮಿನಿಯಮ್ಮಿಗೆ ಕಬ್ಬಿಣಕ್ಕಿಂತ ಬಹಳ ಹೆಚ್ಚಿನ ಪ್ರೀತಿ. ಅದು ತುಕ್ಕಿನಿಂದ ಆಮ್ಲಜನಕವನ್ನು ಕಿತ್ತುಕೊಳ್ಳುವಾಗ ಅಪಾರವಾದ ಶಾಖ ಹೊಮ್ಮುತ್ತದೆ. ನಮ್ಮ ರೈಲ್ವೆಯವರು ಹಳಿಗಳ ತುದಿಗಳನ್ನು ಬೆಸೆಯಲು ಬಳಸುವ ಥರ್ಮಿಟ್ ಪುಡಿಯ ಗುಟ್ಟು ಇದೇ. ಅಲ್ಲಿ ಕಬ್ಬಿಣವೇ ದ್ರವವಾಗಿ ಹರಿಯುವಷ್ಟು ಕಾವು ಏಳುತ್ತದೆ. ಬಾಣಲೆಯ ತುಕ್ಕೆಲ್ಲ ಹಾಗೆ ಉರಿದೇಳುವುದೆಂದು ಹೆದರಬೇಕಾಗಿಲ್ಲ. ಆದರೆ ತುಕ್ಕೂ ತೇವವೂ ಕೂಡಿದ ಗುಜರಿಯನ್ನು ಕರಗಿದ ಅಲ್ಯುಮಿನಿಯಮ್ಮಿಗೆ ಎಸೆಯುವುದು ಮಾತ್ರ ತಿಳಿದವರು ಮಾಡುವ ಕೆಲಸವಲ್ಲ.

ಇಲ್ಲಿ ಒಂದು ಪ್ರಶ್ನೆ ಏಳಬಹುದು. ಬಲೆಯ ಗುಂಡುಗಳಿಗಾಗಿ ಸೀಸವನ್ನು ಕಬ್ಬಿಣದ ಸೌಟಿನಲ್ಲಿ ಕರಗಿಸಿದರೆ ಸೌಟು ವರ್ಷಗಟ್ಟಲೆ ಬರುತ್ತದೆಯಲ್ಲ? ನಿಜ. ಸೀಸಕ್ಕೂ ಕಬ್ಬಿಣಕ್ಕೂ ಸ್ನೇಹವಿಲ್ಲ. ಎಣ್ಣೆ ನೀರಿನಂತೆ ಅವು ಬೇರೆಯಾಗಿಯೇ ಇರುತ್ತವೆ. ಸತುವಿನದು ನಡುವಣ ದಾರಿ. ತಗಡು ಕೊಳವೆಗಳಿಗೆ ಸತುವಿನ ಲೇಪ ಕೊಡುವ ಕಾರ್ಖಾನೆಗಳಲ್ಲಿ ಸತುವನ್ನು ಉಕ್ಕಿನ ತೊಟ್ಟಿಯಲ್ಲಿಯೇ ಸುಮಾರು ೪೫೦ ಡಿಗ್ರಿಯಲ್ಲಿ ಕರಗಿಸಿ ಇಟ್ಟಿರುತ್ತಾರೆ. ತೊಟ್ಟಿ ಹಲವು ವರ್ಷ ಬಾಳುತ್ತದೆ. ಕಾವು ೪೮೦–೪೯೦ ದಾಟಿತೋ, ಸತುವೂ ತೊಟ್ಟಿಯನ್ನು ರಭಸದಿಂದ ತಿನ್ನತೊಡಗುತ್ತದೆ. ಕಲಾಯಿಯವನು ತಾಮ್ರದ ಕೊಳಗಕ್ಕೆ ತವರ ಬಳಿಯುವುದನ್ನು ನೀವು ನೋಡಿರಬೇಕು. ನವಸಾಗರದ ಪುಡಿ ಹಾಕಿ ಪೊರೆಯನ್ನು ಕಳೆದೊಡನೆ ತವರ ಹೇಗೆ ಹೊಳೆಯುತ್ತ ಹರಡಿಕೊಳ್ಳುತ್ತದೆ! ಅಲ್ಲಿಯೂ ತವರವು ಬರಿದೆ ಅಂಟಿಕೊಂಡಿಲ್ಲ. ತಾಮ್ರದೊಡನೆ ಕೂಡಿ ನಡುವೆ ತೆಳ್ಳನೆಯ ಸಂಯುಕ್ತವಾಗಿದೆ. ಅದೇ ಜಾತಿಯ ಕೂಡುವಿಕೆ ಅಲ್ಯುಮಿನಿಯಂ ಕಬ್ಬಿಣಗಳ ನಡುವೆಯೂ ನಡೆಯುತ್ತದೆ, ಬಲು ಆವೇಶದಿಂದ.

ಪಾತ್ರೆ ತೂತಾಗದಿದ್ದರೂ ಎರಕ ಕೆಡುತ್ತದೆ. ದ್ರವವಾಗಿದ್ದಾಗ ನೂರಕ್ಕೆ ಎರಡೂವರೆ ಪಾಲು ಕಬ್ಬಿಣವನ್ನು ಹೊರಬಲ್ಲ ಅಲ್ಯುಮಿನಿಯಂ, ಗಟ್ಟಿಯಾದ ಮೇಲೆ ನೂರಕ್ಕೆ ೦.೦೫ ಪಾಲನ್ನು ಕೂಡ ತನ್ನೊಳಗೆ ಇಟ್ಟುಕೊಳ್ಳಲಾರದು. ಉಳಿದುದೆಲ್ಲ ಅದೇ ಪೆಡಸು ಸಂಯುಕ್ತಗಳಾಗಿ ಹೊರಬೀಳುತ್ತದೆ. ಪಿಸ್ಟನ್ನಿನ ಲೋಹದಲ್ಲಿರುವಂತೆ ಸಿಲಿಕಾನ್ ಬೆರೆತಿದ್ದರೆ ಅವು ತೆಳ್ಳನೆಯ ಹಲಗೆಗಳ ಆಕಾರ ತಾಳುತ್ತವೆ. ಕತ್ತರಿಸಿ ನೋಡಿದಾಗ ಸೂಜಿಗಳಂತೆ ಕಾಣುತ್ತವೆ. ಬಿರುಕು ಹೊರಡುವುದು ಇವುಗಳ ಅಂಚಿನಿಂದಲೇ. ಹುಡುಗ ಹೊಯ್ದ ಪಂಪಿನ ಭಾಗ ಬಣ್ಣದಲ್ಲಿ, ಆಕಾರದಲ್ಲಿ ಅಂಗಡಿಯದರಂತೆಯೇ ಇದ್ದು, ಗದ್ದೆಗೆ ನೀರು ಹಾಯಿಸುವ ನಡುವೆ ಮುರಿದು ಬಿದ್ದರೆ ಅವನ ಕೈಗುಣವನ್ನು ಹಳಿಯಬೇಡಿ. ಎಂಜಿನ್ನುಗಳ ತಲೆಯಂಥ ಭಾಗಗಳಿಗೆ ಬಳಸುವ ಉತ್ತಮ ದರ್ಜೆಯ ಎರಕದ ಮಿಶ್ರಲೋಹವೊಂದರಲ್ಲಿ ಕಬ್ಬಿಣ ನೂರಕ್ಕೆ ೦.೨ ಪಾಲನ್ನು ಮೀರಕೂಡದೆಂದು ನಿಯಮವಿದೆ. ಒಮ್ಮೆ ಸೇರಿದ ಕಬ್ಬಿಣವನ್ನು ಅಲ್ಯುಮಿನಿಯಮ್ಮಿನಿಂದ ಹೊರಗೆ ತೆಗೆಯುವುದಂತೂ ದೊಡ್ಡ ಕಾರ್ಖಾನೆಗೂ ಪ್ರಯಾಸದ ಕೆಲಸ. ಹಳೆಯ ಲೋಹವನ್ನು ಮತ್ತೆ ಮತ್ತೆ ಕರಗಿಸಿದಂತೆಲ್ಲ ಕಬ್ಬಿಣ ಏರುತ್ತಲೇ ಹೋಗುತ್ತದೆ.

ಹಾಗಾದರೆ ಯಾವ ಕಬ್ಬಿಣ ಮೇಲು? ಹೆಚ್ಚು ಬೆಲೆಯ ಸ್ಟೇನ್‌ಲೆಸ್ ಉಕ್ಕಿನ ಪಾತ್ರೆ ಮೇಲಿರಬೇಕೆಂದು ಯಾರಿಗಾದರೂ ತೋರುತ್ತದೆ. ತುಕ್ಕಿನ ವಿಷಯದಲ್ಲಿ ಅದು ಮೇಲೇ ಹೌದು. ಇಲ್ಲಿ ಆ ಮೇಲ್ಮೆ ನಡೆಯದು. ಅದರಲ್ಲಿರುವ ನಿಕಲ್ ಕರಗಿದ ಅಲ್ಯುಮಿನಿಯಮ್ಮಿಗೆ ಕಬ್ಬಿಣಕ್ಕಿಂತಲೂ ಸುಲಭದ ತುತ್ತು. ಇದಕ್ಕೆ ಪ್ರತಿಯಾಗಿ, ಒರಟೆಂದು ನಾವು ಮೂಲೆಗೆ ಹಾಕುವ ಬೂದುಬಣ್ಣದ ಬೀಡುಕಬ್ಬಿಣ ಮೆದು ಉಕ್ಕಿಗಿಂತ ಹೆಚ್ಚು ದಿನ ತಡೆಯುತ್ತದೆ. ಅದರೊಳಗೆ ಗ್ರಾಫೈಟಿನ ಎಳೆಗಳು, ಎಂದರೆ ಪೆನ್ಸಿಲ್ ಕಡ್ಡಿಯ ಪದಾರ್ಥ, ಹರಡಿಕೊಂಡಿರುತ್ತವೆ; ಅಲ್ಯುಮಿನಿಯಂ ಗ್ರಾಫೈಟನ್ನು ಒದ್ದೆ ಮಾಡುವುದಿಲ್ಲ. ಬೀಡಿನಲ್ಲಿರುವ ಸಿಲಿಕಾನ್ ಕೂಡ ಸಂಯುಕ್ತದ ಪದರ ಬೆಳೆಯುವುದನ್ನು ತಗ್ಗಿಸುತ್ತದೆ. ಆದಕಾರಣವೇ ಎರಕದ ಅಂಗಡಿಗಳಲ್ಲಿ ಕಬ್ಬಿಣದ ಪಾತ್ರೆಯನ್ನೇ ಬಳಸಬೇಕಾಗಿ ಬಂದಲ್ಲಿ ಬೀಡಿನದನ್ನು ಆರಿಸುತ್ತಾರೆ. ಆದರೂ ಬೀಡು ಸಹ ತಡವಾಗಿ ಸೋಲುತ್ತದೆಯೇ ಹೊರತು ಗೆಲ್ಲುವುದಿಲ್ಲ.

ಪಾತ್ರೆಗೂ ಲೋಹಕ್ಕೂ ನಡುವೆ ಒಂದು ತೆರೆ ಹಾಕುವುದೇ ಉಪಾಯ. ಸುಣ್ಣವನ್ನೋ ಬಿಳಿ ಜೇಡಿಯನ್ನೋ ಅಂಟುದ್ರವವಾದ ಸೋಡಿಯಂ ಸಿಲಿಕೇಟಿನೊಡನೆ ನೀರಿನಲ್ಲಿ ಕದಡಿ, ಬೆಚ್ಚಗೆ ಮಾಡಿದ ಪಾತ್ರೆಯ ಒಳಮೈಗೆ ಬಳಿಯುತ್ತಾರೆ; ದೊಡ್ಡ ಅಂಗಡಿಗಳಲ್ಲಿ ಜಿರ್ಕಾನ್ ಅಥವಾ ಬೋರಾನ್ ನೈಟ್ರೈಡಿನ ಲೇಪ ಸಿಗುತ್ತದೆ. ಲೇಪ ಪೂರ್ತಿ ಒಣಗಬೇಕು, ಆಮೇಲೆಯೇ ಲೋಹ. ಸೌಟು, ಸಲಾಕೆ, ಕಿಟ್ಟ ತೆಗೆಯುವ ಜಾಲರಿ ಇವಕ್ಕೂ ಲೇಪ ಬೇಕು; ಇವನ್ನು ಮರೆಯುವವರೇ ಹೆಚ್ಚು. ಲೇಪ ಎಲ್ಲಿ ಉದುರಿತೋ ಅಲ್ಲಿ ಗುಳಿ ಬೀಳುತ್ತದೆ. ಇಷ್ಟೆಲ್ಲ ಕಷ್ಟವೇಕೆನ್ನುವವರು ಗ್ರಾಫೈಟ್ ಮತ್ತು ಜೇಡಿ ಸೇರಿಸಿ ಮಾಡಿದ ಮೂಸೆಯನ್ನು ಕೊಳ್ಳಬೇಕು. ನನ್ನ ಅಭಿಪ್ರಾಯ ಕೇಳಿದರೆ ಹರದನಹಳ್ಳಿಯ ಹುಡುಗನೂ ಅದನ್ನೇ ಮಾಡಬೇಕು. ಕಬ್ಬಿಣದ ಬಾಣಲೆಗೆ ದಿನವೂ ಲೇಪ ಬಳಿಯುವ ಶಿಸ್ತು ಬರುವುದಕ್ಕಿಂತ ಒಂದು ಮೂಸೆಯ ಹಣ ಹೊಂದಿಸುವುದು ಸುಲಭ. ಆ ಮೂಸೆಯೂ ತೇವ ಹೀರಬಲ್ಲದು. ಮೊದಲು ನಿಧಾನವಾಗಿ ಕಾಯಿಸಿ ಒಣಗಿಸದೆ ಕೆಲಸಕ್ಕೆ ಇಡಬಾರದು.

ದೊಡ್ಡ ಕೈಗಾರಿಕೆಯಲ್ಲಿ ಈ ಸಂಗತಿಗೆ ಯಂತ್ರಗಳ ಆಕಾರವೇ ತಲೆಬಾಗಿದೆ. ಅಚ್ಚಿಗೆ ಲೋಹವನ್ನು ಒತ್ತಡದಿಂದ ತುಂಬುವ ಯಂತ್ರದಲ್ಲಿ, ಸತುವಾದರೆ, ಪಂಪಿನ ಉಕ್ಕಿನ ಕೊಳವೆಯನ್ನು ಕರಗಿದ ಲೋಹದಲ್ಲಿಯೇ ಸದಾ ಮುಳುಗಿಸಿಟ್ಟಿರಬಹುದು. ಅಲ್ಯುಮಿನಿಯಮ್ಮಿಗೆ ಅದು ಸಾಧ್ಯವಿಲ್ಲ, ಕೊಳವೆಯೇ ಕರಗಿಹೋದೀತು. ಅದಕ್ಕಾಗಿ ಪ್ರತಿ ಎರಕಕ್ಕೂ ಬೇಕಾದಷ್ಟನ್ನೇ ಬೇರೆ ಒಲೆಯಿಂದ ಸೌಟಿನಲ್ಲಿ ತಂದು ಹೊಯ್ಯುವ ಇನ್ನೊಂದು ಬಗೆಯ ಯಂತ್ರ ಹುಟ್ಟಿತು. ವಾಹನಗಳ ಭಾಗಗಳನ್ನು ಎರಕ ಹೊಯ್ಯುವ ಕಾರ್ಖಾನೆಗಳಲ್ಲಿ ನಡೆಯುವುದು ಇಂಥವೇ. ಅಲ್ಲಿನ ಉಕ್ಕಿನ ಅಚ್ಚಿಗೂ ಅಲ್ಯುಮಿನಿಯಂ ಅಂಟಿಕೊಳ್ಳುವ ಪೀಡೆಯುಂಟು. ಅದನ್ನು ತಡೆಯಲು ಒಂದು ವಿಚಿತ್ರ ಉಪಾಯ ಮಾಡುತ್ತಾರೆ: ಮಿಶ್ರಲೋಹದಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಕಬ್ಬಿಣವನ್ನು ಮೊದಲೇ ಇರಗೊಡಿಸುತ್ತಾರೆ. ಹೊಟ್ಟೆ ಅರ್ಧ ತುಂಬಿದವನು ಅನ್ನದ ಮೇಲೆ ಮುಗಿಬೀಳುವುದಿಲ್ಲ. ಇದರಿಂದ ಎರಕ ಕೊಂಚ ಪೆಡಸಾಗುತ್ತದೆ, ಅಚ್ಚು ಉಳಿಯುತ್ತದೆ. ಬಲ ಹೆಚ್ಚು ಬೇಕಾದ ಭಾಗಗಳಿಗೆ ಈಗ ಕಬ್ಬಿಣದ ಬದಲು ಮ್ಯಾಂಗನೀಸನ್ನು ಸೇರಿಸುವುದುಂಟು.

ಅಲ್ಯುಮಿನಿಯಂ ಹುಟ್ಟುವ ಸ್ಥಳದಲ್ಲಿಯೂ ಇದೇ ಕಾವಲು. ನಮ್ಮ ಬೆಳಗಾವಿಯಲ್ಲಿ ಇಂಡಾಲ್ ಕಂಪನಿಯವರು ೧೯೭೦ರ ಆಸುಪಾಸಿನಲ್ಲಿ ಕೆಲಸ ಆರಂಭಿಸಿದ ಕಾರ್ಖಾನೆಯಲ್ಲಿ ಬಾಕ್ಸೈಟಿನಿಂದ ಅಲ್ಯುಮಿನಾ ತೆಗೆಯುವುದರ ಜೊತೆಗೆ, ಅದರಿಂದ ಲೋಹವನ್ನು ಬೇರ್ಪಡಿಸುವ ವಿದ್ಯುತ್ ತೊಟ್ಟಿಗಳೂ ಇದ್ದವು. ತೊಟ್ಟಿಗಳು ನಿಂತು ಬಹಳ ವರ್ಷಗಳಾದವು. ಅಲ್ಯುಮಿನಾ ಈಗ ಹಿಂಡಾಲ್ಕೋ ಹೆಸರಿನಲ್ಲಿ ತಯಾರಾಗುತ್ತಿದೆ. ಇಂಥ ತೊಟ್ಟಿಯ ಹೊರಚಿಪ್ಪು ಉಕ್ಕು, ಒಳಗಿನ ಹಾಸು ಇಂಗಾಲ. ಆ ಹಾಸಿನೊಳಗೆ ವಿದ್ಯುತ್ತನ್ನು ಹೊರತರುವ ಉಕ್ಕಿನ ಪಟ್ಟಿಗಳು. ಮೇಲೆ ಸುಮಾರು ೯೬೦ ಡಿಗ್ರಿಯಲ್ಲಿ ಅಲ್ಯುಮಿನಿಯಂ ನಿಂತಿರುತ್ತದೆ. ಹಾಸು ಬಿರಿದರೆ ಲೋಹ ಬಿರುಕಿನಲ್ಲಿಳಿದು ಉಕ್ಕಿನ ಪಟ್ಟಿಯನ್ನು ಮುಟ್ಟುತ್ತದೆ. ಒಳಗೆ ಇಣುಕಿ ನೋಡುವಂತಿಲ್ಲ. ಆದರೆ ಲೋಹದ ಮಾದರಿಯನ್ನು ತೆಗೆದು ಪರೀಕ್ಷಿಸಿದರೆ ಕಬ್ಬಿಣದ ಅಂಕಿ ಏರಿರುವುದು ಕಾಣುತ್ತದೆ. ವೈದ್ಯರು ರಕ್ತಪರೀಕ್ಷೆಯಿಂದ ರೋಗ ಹಿಡಿಯುವಂತೆ, ಅಲ್ಲಿನವರು ಆ ಅಂಕಿಯಿಂದ ತೊಟ್ಟಿಯ ಆಯುಸ್ಸನ್ನು ತಿಳಿಯುತ್ತಾರೆ. ಚಿಪ್ಪು ತೂತಾಗಿ ಲೋಹ ಹೊರನುಗ್ಗುವ ಮೊದಲೇ ತೊಟ್ಟಿಯನ್ನು ನಿಲ್ಲಿಸುತ್ತಾರೆ.

ಹೀಗೆಂದು ಈ ಎರಡು ಲೋಹಗಳ ಕೂಟ ಸದಾ ಹಾನಿಯೇ ಎನ್ನಲಾಗದು. ಹೊತ್ತನ್ನು ಅಳೆದು ಬಿಟ್ಟರೆ ಅದೇ ಬೆಸುಗೆಯಾಗುತ್ತದೆ. ಡೀಸೆಲ್ ಎಂಜಿನ್ನುಗಳ ಅಲ್ಯುಮಿನಿಯಂ ಪಿಸ್ಟನ್ನುಗಳಲ್ಲಿ ಮೇಲಿನ ಉಂಗುರ ಕೂರುವ ಗಾಡಿಯು ಬೇಗ ಸವೆಯದಿರಲೆಂದು ಬೀಡಿನ ಬಳೆಯೊಂದನ್ನು ಒಳಗೆ ಕೂಡಿಸುತ್ತಾರೆ. ಆ ಬಳೆಯನ್ನು ಮೊದಲು ಕೆಲವು ನಿಮಿಷ ಕರಗಿದ ಅಲ್ಯುಮಿನಿಯಮ್ಮಿನಲ್ಲಿ ಅದ್ದಿ ತೆಗೆದು, ತಡಮಾಡದೆ ಅಚ್ಚಿನಲ್ಲಿಟ್ಟು ಪಿಸ್ಟನ್ ಹೊಯ್ಯುತ್ತಾರೆ. ಕೂದಲೆಳೆಯಷ್ಟು ತೆಳುವಾದ ಸಂಯುಕ್ತದ ಪದರ ಎರಡನ್ನೂ ಬಿಗಿಯಾಗಿ ಹಿಡಿದಿರುತ್ತದೆ. ಹೊಗೆಕೊಳವೆಗಳಿಗೆ ಬಳಸುವ ಅಲ್ಯುಮಿನಿಯಂ ಲೇಪದ ಉಕ್ಕಿನ ತಗಡೂ ಇದೇ ಬಗೆಯದು. ಪದರ ದಪ್ಪವಾಗಿ ಸಿಡಿಯದಿರಲೆಂದು ಅದ್ದುವ ಲೋಹಕ್ಕೆ ಸಿಲಿಕಾನ್ ಸೇರಿಸುತ್ತಾರೆ.

ನಿಮ್ಮ ಹೊಲದಂಚಿನ ಪಂಪುಸೆಟ್ಟಿನ ಮೋಟಾರನ್ನೇ ನೋಡಿ. ನೆಲದ ಮೇಲಿಡುವ ಅನೇಕ ಮೋಟಾರುಗಳಲ್ಲಿ ತಿರುಗುವ ಭಾಗವೆಂದರೆ ತೆಳುವಾದ ಉಕ್ಕಿನ ತಗಡುಗಳ ಅಟ್ಟಿ. ಅದರ ಸೀಳುಗಳಲ್ಲೆಲ್ಲ ಕರಗಿದ ಅಲ್ಯುಮಿನಿಯಮ್ಮನ್ನೇ ಒತ್ತಿ ತುಂಬಿರುತ್ತಾರೆ. ಉಕ್ಕು ಅಲ್ಲೇಕೆ ಕರಗಲಿಲ್ಲ? ತಗಡಿನ ಮೈಮೇಲೆ ತೆಳ್ಳನೆಯ ಪೊರೆಯಿದೆ. ಅದು ಹರಿಯುವ ಮೊದಲೇ, ಕೆಲವು ಕ್ಷಣಗಳಲ್ಲಿ, ಅಲ್ಯುಮಿನಿಯಂ ಹೆಪ್ಪುಗಟ್ಟಿಬಿಡುತ್ತದೆ. ಸುಟ್ಟುಹೋದ ಇಂಥ ಮೋಟಾರು ಗುಜರಿಗೆ ಹೋದಾಗ ಅದರ ಅಲ್ಯುಮಿನಿಯಮ್ಮನ್ನು ಬಿಡಿಸಲು ಕೆಲವು ಕಡೆ ಇಳಿಜಾರಾದ ನೆಲವಿರುವ ಒಲೆಯನ್ನು ಕಟ್ಟಿರುತ್ತಾರೆ. ಕಾವು ಏರಿದಂತೆ ಅಲ್ಯುಮಿನಿಯಂ ಕರಗಿ, ಉಕ್ಕಿನೊಡನೆ ನಿಲ್ಲದೆ, ಕೂಡಲೇ ಇಳಿಜಾರಿನಲ್ಲಿ ಹರಿದು ಬೇರೆ ಗುಂಡಿಗೆ ಸೇರುತ್ತದೆ. ತಗಡುಗಳು ಮೇಲೆಯೇ ಉಳಿಯುತ್ತವೆ.